ಐದು ವಾರಗಳ ವೇಳಾಪಟ್ಟಿಯಲ್ಲಿ ಬಿಟ್ಟ ಜಾಗ

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಆರ್ಸೆನಾಲ್ ಆವರಣ, ಜುಲೈ ತಿಂಗಳ ಸೋಮವಾರ ಬೆಳಗ್ಗೆ. ಇಪ್ಪತ್ತೈದರ ಆಸುಪಾಸಿನ ಡಾನ್ಸರ್ ಒಬ್ಬಳು ಸ್ಟುಡಿಯೋ ಹೊರಗೆ ನೆಲದ ಮೇಲೆ ಕಾಲು ಚಾಚಿ ಕೂತು, ವೇಳಾಪಟ್ಟಿಯ ಮೇಲೆ ಪೆನ್ಸಿಲ್ ಹಿಡಿದಿದ್ದಾಳೆ ಎಂದುಕೊಳ್ಳಿ. ಒಂದೇ ಹೊತ್ತಿಗೆ ಹಲವು ತರಗತಿ. ಒಂದು ಹಾಲ್‌ನಲ್ಲಿ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್ (ಮೈಗೆ ಮೈ ತಾಗಿಸಿ, ಭಾರ ಹಂಚಿಕೊಂಡು ಆಗಿಂದಾಗಲೇ ಹುಟ್ಟಿಸುವ ನೃತ್ಯ), ಪಕ್ಕದಲ್ಲಿ ನೆಲದ ಮೇಲೆ ಉರುಳುತ್ತಾ ಕುಣಿಯುವ ಫ್ಲೋರ್‌ವರ್ಕ್, ಅದರಾಚೆ ಧ್ವನಿ ಮತ್ತು ಚಲನೆಯ ಕಾರ್ಯಾಗಾರ, ಇನ್ನೊಂದೆಡೆ ವಾರವಿಡೀ ಒಂದೇ ಪ್ರಶ್ನೆಯ ಬೆನ್ನು ಹತ್ತುವ ಗುಂಪು. ಎಲ್ಲವೂ ಬೇಕು. ಬೆಳಗ್ಗೆಯದಕ್ಕೆ ಗುರುತು, ಮಧ್ಯಾಹ್ನದ್ದಕ್ಕೆ ಗುರುತು, ಸಂಜೆಗೆ, ವಾರಾಂತ್ಯಕ್ಕೆ, ರಾತ್ರಿಯ ಪ್ರದರ್ಶನಕ್ಕೆ. ಐದು ನಿಮಿಷದಲ್ಲಿ ಪಟ್ಟಿಯ ಒಂದು ಮನೆಯೂ ಖಾಲಿ ಉಳಿದಿಲ್ಲ.

ಈ ಬರಹ ಆ ಪೆನ್ಸಿಲ್ ಕುರಿತು. ನೃತ್ಯ ಕಲಿಯಲು ಸಿಗುವ ಅಂತಾರಾಷ್ಟ್ರೀಯ ಸ್ಕಾಲರ್‌ಶಿಪ್ ಎಂದ ಕೂಡಲೇ ಎಲ್ಲರೂ ಕೇಳುವುದು ಆಯ್ಕೆಯಾಗುವುದು ಹೇಗೆ ಎಂದು. ಅದು ಕಷ್ಟವೇ, ಅದರ ಬಗ್ಗೆಯೂ ವಿವರವಾಗಿ ಹೇಳಬೇಕಿದೆ. ಆದರೆ ಅಲ್ಲಿಂದ ಬೆಳೆದು ಬರುತ್ತೀರೋ ಬಳಲಿ ಬರುತ್ತೀರೋ ಎಂಬುದು ನಿಂತಿರುವುದು ಏನನ್ನು ಬಿಡಲು ಒಪ್ಪುತ್ತೀರಿ ಎಂಬುದರ ಮೇಲೆ. ಅರ್ಜಿಯ ವಿಡಿಯೋದಲ್ಲಿ ಬಿಡುವುದು, ಬಜೆಟ್‌ನಲ್ಲಿ ಬಿಡುವುದು, ವಾರದ ತರಗತಿಗಳಲ್ಲಿ ಬಿಡುವುದು. ಒಳ್ಳೆಯ ಮೆಂಟರ್ ಮಾಡುವ ಕೆಲಸವೂ ಬಹುಪಾಲು ಇದೇ.

ವಿಯೆನ್ನಾದ ಇಂಪುಲ್ಸ್‌ಟಾಂಟ್ಸ್ ಉತ್ಸವ ನಡೆಸುವ ಡಾನ್ಸ್‌ವೆಬ್ ಇಂಥ ಕಾರ್ಯಕ್ರಮಗಳಿಗೆ ಸ್ಪಷ್ಟ ಮಾದರಿ. ಉತ್ಸವ ಶುರುವಾದದ್ದು 1984ರಲ್ಲಿ. ಕಾರ್ಲ್ ರೇಗೆನ್ಸ್‌ಬುರ್ಗರ್ ಮತ್ತು ಬ್ರೆಜಿಲ್ ಮೂಲದ ನೃತ್ಯಕಲಾವಿದ ಇಸ್ಮಾಯೆಲ್ ಈವೊ ಸೇರಿ ಕಟ್ಟಿದ್ದು. ಆಗ ಇದ್ದದ್ದು ಆರು ಮಂದಿ ಶಿಕ್ಷಕರು, 20 ಕಾರ್ಯಾಗಾರಗಳು. ಈಗ ಒಂದು ಬೇಸಿಗೆಯಲ್ಲಿ 200ಕ್ಕೂ ಹೆಚ್ಚು ಕಾರ್ಯಾಗಾರಗಳು ನಡೆಯುತ್ತವೆ, ಊರಿನ ರಂಗಮಂದಿರಗಳಲ್ಲೂ ಮ್ಯೂಸಿಯಂಗಳಲ್ಲೂ ಪ್ರದರ್ಶನಗಳಿರುತ್ತವೆ. ಇದರೊಳಗೆ ಡಾನ್ಸ್‌ವೆಬ್ ಎಂಬುದು ಐದು ವಾರಗಳ ವಾಸ: ಹತ್ತಾರು ದೇಶಗಳಿಂದ ಬಂದ ಸುಮಾರು 60 ಯುವ ಡಾನ್ಸರ್‌ಗಳು ಮತ್ತು ನೃತ್ಯ ಸಂಯೋಜಕರು, ಅವರ ಜೊತೆಗೆ ಇಡೀ ಅವಧಿ ಇರುವ ಮೆಂಟರ್. ಆರಂಭಿಕ ಹಂತ ದಾಟಿ, ವೃತ್ತಿಯಲ್ಲಿ ಕಾಲಿಟ್ಟಿದ್ದರೂ ಇನ್ನೂ ನೆಲೆ ಸಿಗದ ವಯಸ್ಸಿನವರಿಗಾಗಿ ಇದನ್ನು ರೂಪಿಸಲಾಗಿದೆ.

ಬೇಸಿಗೆಯಲ್ಲಿ ಒಂದೆಡೆ ಸೇರಿ ಕುಣಿದು ಕಲಿಯುವ ಈ ಪದ್ಧತಿ ಹಳೆಯದು. 1934ರಲ್ಲಿ ಅಮೆರಿಕದ ವರ್ಮಾಂಟ್‌ನ ಬೆನ್ನಿಂಗ್ಟನ್ ಕಾಲೇಜಿನಲ್ಲಿ ಮಾರ್ತಾ ಹಿಲ್ ಮುಂದಾಳತ್ವದಲ್ಲಿ ನಡೆದ ಬೇಸಿಗೆ ಶಾಲೆಯಲ್ಲಿ ಮಾರ್ತಾ ಗ್ರಹಾಂ, ಹಾನ್ಯಾ ಹೋಮ್, ಡೋರಿಸ್ ಹಂಫ್ರಿ, ಚಾರ್ಲ್ಸ್ ವೈಡ್‌ಮನ್ ಪಾಠ ಮಾಡಿದ್ದರು. ಆಧುನಿಕ ನೃತ್ಯದಲ್ಲಿ ಬೇರೆ ಬೇರೆ ದಾರಿ ಹಿಡಿದ ನಾಲ್ವರು ಒಂದೇ ಆವರಣದಲ್ಲಿ. ವಿದ್ಯಾರ್ಥಿಗಳಿಗೆ ಆ ಕಾಲಕ್ಕೇ ಎದುರಾದ ತೊಡಕು ಇಂದಿನದ್ದೇ: ಯಾರ ಪಾಠವನ್ನು ದೇಹಕ್ಕೆ ಇಳಿಸಿಕೊಳ್ಳುವುದು, ಯಾರದ್ದನ್ನು ನೋಡಿ ಸಂತೋಷಪಟ್ಟು ಮುಂದೆ ಹೋಗುವುದು.

ಎರಡು ಬಗೆಯ ಮಾರ್ಗದರ್ಶನ

ಮೆಂಟರ್ ಎಂಬ ಪದಕ್ಕೆ ಕನ್ನಡದಲ್ಲಿ ಗುರು ಎಂದುಬಿಡುವುದು ಸುಲಭ, ಆದರೆ ಹಾಗೆಂದರೆ ದಾರಿ ತಪ್ಪುತ್ತದೆ. ಗುರು ಒಂದು ಕಲಾಪರಂಪರೆಯನ್ನು ತನ್ನ ದೇಹದಿಂದ ಶಿಷ್ಯನ ದೇಹಕ್ಕೆ ದಾಟಿಸುತ್ತಾರೆ. ತಿದ್ದುವುದು ಅವರ ಹಕ್ಕು. ಮೆಂಟರ್ ತಿದ್ದಲು ಬಂದವರಲ್ಲ. ಅವರ ಮುಂದೆ ಕೂತಾಗ ‘ಈ ಚಲನೆ ಸರಿಯೇ?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಇದನ್ನು ನಾನು ಮೂರು ಸಲ ಮಾಡಿದೆ, ಮೂರನೆಯ ಸಲ ಯಾಕೆ ಸತ್ತುಹೋಯಿತು?’ ಎಂದು ಕೇಳಿದರೆ ಮಾತು ಬೆಳೆಯುತ್ತದೆ. ಪ್ರಶ್ನೆ ಇಲ್ಲದೆ ಬಂದವರಿಗೆ ಮೆಂಟರ್ ಸಿಕ್ಕಿಯೂ ಸಿಗದಂತೆ.

ಕಾರ್ಯಕ್ರಮಗಳಲ್ಲೂ ಎರಡು ಬಗೆ. ಒಂದು, ಡಾನ್ಸ್‌ವೆಬ್‌ನಂತೆ ಒಬ್ಬರೋ ಇಬ್ಬರೋ ಮೆಂಟರ್ ಇಡೀ ತಂಡಕ್ಕೆ. ಇನ್ನೊಂದು, ಒಬ್ಬರಿಗೆ ಒಬ್ಬರು. ಎರಡನೆಯದಕ್ಕೆ ಹೆಸರಾದದ್ದು ಕೈಗಡಿಯಾರ ಕಂಪನಿ ರೋಲೆಕ್ಸ್ 2002ರಲ್ಲಿ ಶುರುಮಾಡಿದ ಮಾರ್ಗದರ್ಶನ ಯೋಜನೆ. ಹೆಸರಾಂತ ನೃತ್ಯ ಸಂಯೋಜಕರೊಬ್ಬರ ಜೊತೆಗೆ ಒಬ್ಬ ಯುವ ಕಲಾವಿದರು. ಮೊದಲ ಸುತ್ತಿನಲ್ಲಿ ವಿಲಿಯಂ ಫೋರ್ಸೈಥ್ ಜೊತೆಗೆ ಸಾಂಗ್ ಜಿಜಿಯಾ, 2010–11ರಲ್ಲಿ ಟ್ರಿಶಾ ಬ್ರೌನ್ ಜೊತೆಗೆ ಆಸ್ಟ್ರೇಲಿಯಾದ ಲೀ ಸರ್ಲ್, 2012–13ರಲ್ಲಿ ತೈವಾನಿನ ಲಿನ್ ಹ್ವಾಯ್-ಮಿನ್ ಜೊತೆಗೆ ಬ್ರೆಜಿಲ್‌ನ ಎಡ್ವಾರ್ಡೊ ಫುಕುಶಿಮಾ, 2016–17ರಲ್ಲಿ ಓಹದ್ ನಹರಿನ್ ಜೊತೆಗೆ ದಕ್ಷಿಣ ಆಫ್ರಿಕಾದ ಲೋಂಡಿವೆ ಖೋಜಾ, 2018–19ರಲ್ಲಿ ಕ್ರಿಸ್ಟಲ್ ಪೈಟ್ ಜೊತೆಗೆ ಸೆನೆಗಲ್‌ನ ಖೂದಿಯಾ ತೂರೆ. ಹೀಗೆ ಕಲಿಯಲು ಹೋದ ಯುವ ಕಲಾವಿದರೆಲ್ಲ ಹೆಸರು ಸೂಚಿತರಾಗಿ ಬಂದವರು. ಆ ಯೋಜನೆಗೆ ಯಾರು ಬೇಕಾದರೂ ಅರ್ಜಿ ಹಾಕುವ ಮುಕ್ತ ದಾರಿ ಇರಲಿಲ್ಲ. ಸೂಚಿಸುವ ಸಮಿತಿಯ ಕಣ್ಣಿಗೆ ಬಿದ್ದ ಮೇಲೆ ಆಹ್ವಾನ ಬರುತ್ತಿತ್ತು. ಹಾಗಾಗಿ ಅದರ ಅರ್ಜಿ ನಮೂನೆ ಹುಡುಕುತ್ತಾ ಸಮಯ ಕಳೆಯುವುದರಲ್ಲಿ ಅರ್ಥವಿಲ್ಲ. ಅಂಥ ಕಣ್ಣಿಗೆ ಬೀಳುವುದು ನಿಮ್ಮ ಕೆಲಸವನ್ನು ಬೇರೆಯವರು ರಂಗದ ಮೇಲೆ ನೋಡಿದಾಗ.

ಹೆಚ್ಚಿನವರಿಗೆ ಎಟುಕುವುದು ತಂಡದ ಮಾದರಿ. ಅದು ಕಡಿಮೆ ದರ್ಜೆಯದು ಎಂದು ಭಾವಿಸಬೇಕಿಲ್ಲ, ನನ್ನ ದೃಷ್ಟಿಯಲ್ಲಿ ಇಪ್ಪತ್ತರ ವಯಸ್ಸಿಗೆ ಅದೇ ಹೆಚ್ಚು ಆರೋಗ್ಯಕರ. ಒಬ್ಬ ದೊಡ್ಡ ಕಲಾವಿದರ ನೆರಳಲ್ಲಿ ಒಬ್ಬರೇ ನಿಂತರೆ ಅವರ ನಡಿಗೆ, ಅವರ ಉಸಿರಾಟ, ಕೊನೆಗೆ ಅವರ ಮೌನ ಕೂಡ ಅಂಟಿಕೊಳ್ಳುತ್ತದೆ. 60 ಮಂದಿಯ ನಡುವೆ ಹಾಗಾಗುವುದಿಲ್ಲ. ಸೆನೆಗಲ್‌ನ ತೂಬಾಬ್ ದಿಯಾಲಾವ್ ಎಂಬ ಕಡಲತೀರದ ಹಳ್ಳಿಯಲ್ಲಿ ಜೆರ್ಮೈನ್ ಅಕೋನಿ ಮತ್ತು ಹೆಲ್ಮುಟ್ ಫೋಗ್ಟ್ 1998ರಲ್ಲಿ ಕಟ್ಟಿದ ಎಕೋಲ್ ದೆ ಸಾಬ್ಲ್ ಶಾಲೆಯಲ್ಲೂ ಬಲ ಇರುವುದು ಹೀಗೆಯೇ: ಆಫ್ರಿಕಾದ ಹಲವು ದೇಶಗಳವರು ಒಟ್ಟಿಗೆ ವಾಸ, ಒಟ್ಟಿಗೆ ಊಟ, ಮರಳು ಹಾಸಿದ ಸ್ಟುಡಿಯೋದಲ್ಲಿ ಒಟ್ಟಿಗೆ ಅಭ್ಯಾಸ. ಮರಳಿನ ಮೇಲೆ ಕುಣಿದವರಿಗೆ ಗೊತ್ತು, ಗಟ್ಟಿ ನೆಲದ ಮೇಲೆ ಕಲಿತ ಜಿಗಿತ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಹೊಸದಾಗಿ ಹುಡುಕಬೇಕು. ಸಹಪಾಠಿಗಳ ನಡುವೆ ನಿಮ್ಮ ಅಭ್ಯಾಸಗಳಿಗೆ ಆಗುವುದೂ ಅದೇ.

ಅರ್ಜಿ

ಮೊದಲು ವಿಡಿಯೋ. ಆಯ್ಕೆ ಮಾಡುವವರು ನೂರಾರು ವಿಡಿಯೋ ನೋಡುತ್ತಾರೆ. ಅವರಿಗೆ ಬೇಕಿರುವುದು ಒಂದು ದೇಹ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದು. ಎರಡೆರಡು ಸೆಕೆಂಡಿಗೆ ಕತ್ತರಿಸಿ, ಮೇಲೆ ಸಂಗೀತ ಹಾಕಿ ಮಾಡಿದ ಶೋರೀಲ್‌ನಲ್ಲಿ ಕತ್ತರಿಸಿ ಹೋಗುವುದು ಸರಿಯಾಗಿ ಅದೇ. ಜಿಗಿತ ಉಳಿಯುತ್ತದೆ, ನೆಲಕ್ಕೆ ಇಳಿದ ಕ್ಷಣ ಹೋಗುತ್ತದೆ. ಆದ್ದರಿಂದ ನಿಯಮದಲ್ಲಿ ಬೇರೆ ಹೇಳಿರದಿದ್ದರೆ ಮೂರು ನಿಮಿಷದ ಒಂದೇ ಓಟದ ಚಿತ್ರೀಕರಣ ಕಳಿಸಿ. ಫೋನನ್ನು ಅಡ್ಡಲಾಗಿ ಹಿಡಿದು, ಸ್ಟ್ಯಾಂಡಿಗೆ ಕಟ್ಟಿ, ಎದೆಯ ಎತ್ತರದಲ್ಲಿ, ನಾಲ್ಕೈದು ಮೀಟರ್ ದೂರದಲ್ಲಿ ಇಡಿ. ಪಾದಗಳು ಯಾವಾಗಲೂ ಚೌಕಟ್ಟಿನೊಳಗೆ ಇರಬೇಕು; ನೆಲಕ್ಕೆ ಉರುಳಿದಾಗಲೂ ಕಾಣುವಂತೆ ಮೊದಲೇ ಒಮ್ಮೆ ಉರುಳಿ ನೋಡಿ. ಕಿಟಕಿ ನಿಮ್ಮ ಬೆನ್ನ ಹಿಂದೆ ಬಂದರೆ ದೇಹ ಕಪ್ಪು ನೆರಳಾಗುತ್ತದೆ, ಅದು ಕ್ಯಾಮೆರಾದ ಹಿಂದೆ ಇರಲಿ. ಕಪ್ಪು ಪರದೆಯ ಮುಂದೆ ಕಪ್ಪು ಬಟ್ಟೆ ಬೇಡ.

ಗುಂಪಿನ ಕೃತಿಯ ತುಣುಕಾದರೆ ನೀವು ಯಾರೆಂದು ಬರೆಯಲೇಬೇಕು: ‘ಎಡಗಡೆಯಿಂದ ಎರಡನೆಯವಳು, ಬೂದು ಅಂಗಿ, 1:20ರಿಂದ 2:05ರವರೆಗೆ.’ ಇದನ್ನು ಮರೆತು ಕಳೆದುಹೋಗುವ ಅರ್ಜಿಗಳು ಕಡಿಮೆಯೇನಲ್ಲ. ಕೊಂಡಿ ಕಳಿಸುವ ಮೊದಲು ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ, ನಿಮ್ಮ ಖಾತೆಯಿಂದ ಹೊರಬಂದು ತೆರೆದು ನೋಡಿ. ಪಾಸ್‌ವರ್ಡ್ ಇದ್ದರೆ ಕೊಂಡಿಯ ಪಕ್ಕದಲ್ಲೇ ಬರೆಯಿರಿ. ಕೆಲವು ದಿನಕ್ಕೆ ತಾನಾಗಿ ಅಳಿದುಹೋಗುವ ಫೈಲ್ ವರ್ಗಾವಣೆ ಸೇವೆ ಬಳಸಬೇಡಿ, ಏಕೆಂದರೆ ಸಮಿತಿ ನೋಡುವುದು ಗಡುವು ಮುಗಿದು ವಾರಗಳಾದ ಮೇಲೆ. ಫಲಿತಾಂಶ ಬರುವವರೆಗೆ ಕೊಂಡಿ ಜೀವಂತವಿರಲಿ. ಇನ್ನೊಂದು ತೊಂದರೆ ಸಂಗೀತದ್ದು: ಹಕ್ಕುಸ್ವಾಮ್ಯವಿರುವ ಹಾಡು ಹಾಕಿದರೆ ವಿಡಿಯೋ ತಾಣ ತಾನಾಗಿ ಧ್ವನಿ ಮುಚ್ಚಬಹುದು, ಕೆಲವೊಮ್ಮೆ ಕೆಲವು ದೇಶಗಳಲ್ಲಿ ಇಡೀ ವಿಡಿಯೋ ತೆರೆಯುವುದೇ ಇಲ್ಲ. ಕೋಣೆಯ ಸದ್ದು, ಉಸಿರು, ಕಾಲ ಸಪ್ಪಳ ಇರುವ ಚಿತ್ರೀಕರಣ ಇದಕ್ಕಿಂತ ಎಷ್ಟೋ ವಾಸಿ.

ಇನ್ನು ಉದ್ದೇಶದ ಪತ್ರ. ‘ನೃತ್ಯವೇ ನನ್ನ ಉಸಿರು’ ಎಂಬ ಸಾಲು ಯಾವ ಪತ್ರದಲ್ಲಿ ಇಲ್ಲ ಹೇಳಿ. ಅದು ಸುಳ್ಳಲ್ಲ, ಆದರೆ ಅದರಿಂದ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. 400 ಪದ ಕೇಳಿದ್ದರೆ ಅರ್ಧದಷ್ಟನ್ನು ಈಗ ಮಾಡುತ್ತಿರುವ ಕೆಲಸಕ್ಕೆ ಕೊಡಿ. ‘ದೇಹ ಮತ್ತು ನೆನಪಿನ ನಡುವಿನ ಸಂಬಂಧದಲ್ಲಿ ಆಸಕ್ತಿ’ ಎಂದು ಬರೆಯುವ ಬದಲು ‘ಬಿದ್ದ ದೇಹ ಏಳುವ ಮುನ್ನ ಎಷ್ಟು ಹೊತ್ತು ಬಿದ್ದೇ ಇರಬಹುದು, ನೋಡುವವರು ಯಾವ ಕ್ಷಣದಲ್ಲಿ ಕಳವಳಗೊಳ್ಳುತ್ತಾರೆ ಎಂದು ಪರೀಕ್ಷಿಸುತ್ತಿದ್ದೇನೆ’ ಎಂದು ಬರೆಯಿರಿ. ಎರಡನೆಯದನ್ನು ಓದಿದವರ ಕಣ್ಣ ಮುಂದೆ ಒಂದು ಕೋಣೆ ಮೂಡುತ್ತದೆ. ಉಳಿದ ಜಾಗದಲ್ಲಿ ಇದೇ ಕಾರ್ಯಕ್ರಮ ಯಾಕೆ, ಈಗಲೇ ಯಾಕೆ, ಜೊತೆಯವರಿಗೆ ನೀವೇನು ತರುತ್ತೀರಿ. ಮೂರನೆಯದನ್ನು ಬಹಳ ಮಂದಿ ಬಿಟ್ಟೇಬಿಡುತ್ತಾರೆ. ತಂಡ ಕಟ್ಟುವವರು ಅದನ್ನೇ ಹುಡುಕುತ್ತಿರುತ್ತಾರೆ, ಯಾಕೆಂದರೆ ಅವರು ಆರಿಸುವುದು ಅತ್ಯುತ್ತಮ 60 ಮಂದಿಯನ್ನಲ್ಲ, ಒಬ್ಬರಿಂದೊಬ್ಬರು ಕಲಿಯಬಲ್ಲ 60 ಮಂದಿಯನ್ನು. ಆಯ್ಕೆ ಆಗದಿದ್ದರೆ ನಿಮ್ಮ ನೃತ್ಯ ಸೋತಿತೆಂದು ಅರ್ಥವಲ್ಲ ಎನ್ನಲು ಕಾರಣವೂ ಇದೇ. ವಯೋಮಿತಿ ದಾಟದಿದ್ದರೆ ಮರುವರ್ಷ ಹೊಸ ವಿಡಿಯೋದೊಂದಿಗೆ ಮತ್ತೆ ಹಾಕಿ.

ಸ್ವವಿವರ ಎರಡು ಪುಟ ಮೀರಬಾರದು. ವರ್ಷ, ಕೃತಿ, ಸಂಯೋಜಕರು, ಸ್ಥಳ, ನಿಮ್ಮ ಪಾತ್ರ. ಶಿಫಾರಸು ಪತ್ರ ಬರೆಯುವವರಿಗೆ ಕನಿಷ್ಠ ನಾಲ್ಕು ವಾರ ಮೊದಲೇ ಹೇಳಿ, ಗಡುವು ಮತ್ತು ನಿಮ್ಮ ಪತ್ರದ ಕರಡನ್ನು ಜೊತೆಗೆ ಕೊಡಿ.

ಹಣ ಮತ್ತು ಕಾಗದ

‘ಸಂಪೂರ್ಣ ಸ್ಕಾಲರ್‌ಶಿಪ್’ ಎಂಬ ಮಾತನ್ನು ನಂಬುವ ಮೊದಲು ಕಾಗದದ ಮೇಲೆ ಗೆರೆ ಎಳೆದು ಐದು ಖಾನೆ ಮಾಡಿ: ತರಗತಿ ಶುಲ್ಕ, ವಸತಿ, ಊಟ, ಪ್ರಯಾಣ, ವೀಸಾ ಮತ್ತು ವಿಮೆ. ಯಾವ ಖಾನೆಯನ್ನು ಅವರು ತುಂಬುತ್ತಾರೆ, ಯಾವುದು ನಿಮ್ಮ ಪಾಲು ಎಂದು ಬರೆಯಿರಿ. ಡಾನ್ಸ್‌ವೆಬ್ ಮಾದರಿಯಲ್ಲಿ ಸ್ಕಾಲರ್‌ಶಿಪ್‌ನ ತಿರುಳು ಕಾರ್ಯಾಗಾರ, ಪ್ರದರ್ಶನಗಳ ಪ್ರವೇಶ ಮತ್ತು ವಸತಿ. ವಿಮಾನದ ಖರ್ಚು ಮತ್ತು ದಿನದ ಖರ್ಚನ್ನು ಸಾಮಾನ್ಯವಾಗಿ ಕಲಾವಿದರೇ ಹೊಂದಿಸಬೇಕು. ದೂರದ ಖಂಡದಿಂದ ಬರುವವರಿಗೆ ಇದು ಮೂಗಿಗಿಂತ ಮೂಗುತಿ ಭಾರ ಆಗುವುದುಂಟು. ಕೆಲವು ಕಾರ್ಯಕ್ರಮಗಳು ಪ್ರಯಾಣದ ಹಣ ಕೊಡುತ್ತವೆ, ಆದರೆ ಮರುಪಾವತಿಯಾಗಿ: ಮೊದಲು ನೀವು ಕೊಡಬೇಕು, ಬೋರ್ಡಿಂಗ್ ಪಾಸ್ ಮತ್ತು ಬಿಲ್ ಸಲ್ಲಿಸಿದ ಮೇಲೆ ಅವರು ಕೊಡುತ್ತಾರೆ. ಹಾಗಿದ್ದರೆ ಎರಡು ಮೂರು ತಿಂಗಳು ಆ ಹಣ ಯಾರ ಕೈಯಿಂದ ಬರುತ್ತದೆ ಎಂದು ಮೊದಲೇ ತಿಳಿದಿರಬೇಕು. ಬೋರ್ಡಿಂಗ್ ಪಾಸ್ ಇಳಿದ ಕೂಡಲೇ ಫೋಟೋ ತೆಗೆದಿಡಿ.

ಯುರೋಪಿನ ಷೆಂಗೆನ್ ವಲಯಕ್ಕೆ (ಒಂದೇ ವೀಸಾ ನಡೆಯುವ ದೇಶಗಳ ಗುಂಪು, ಆಸ್ಟ್ರಿಯಾವೂ ಅದರಲ್ಲಿದೆ) ವೀಸಾ ಬೇಕಾದ ದೇಶದವರು ದಿನಗಳ ಲೆಕ್ಕವನ್ನು ಹೊರಡುವ ದಿನದಿಂದ ಹಿಂದಕ್ಕೆ ಎಣಿಸಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಪಕ್ಷ 15 ದಿನ ಮೊದಲಾದರೂ ಹಾಕಿರಬೇಕು. ತೀರ್ಮಾನಕ್ಕೆ 15 ದಿನ, ಪರಿಶೀಲನೆ ಹೆಚ್ಚಿದರೆ 45 ದಿನದವರೆಗೂ ಹೋಗಬಹುದು. ಇದಕ್ಕಿಂತ ಹೆಚ್ಚಾಗಿ ಕೈಕೊಡುವುದು ಬೇಸಿಗೆಯಲ್ಲಿ ಬೆರಳಚ್ಚು ಕೊಡಲು ಸಮಯ ಸಿಗದಿರುವುದು. ಆಹ್ವಾನ ಪತ್ರ ಬಂದ ದಿನವೇ ಆ ಸಮಯ ಕಾದಿರಿಸಿ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ, ನಿರಾಕರಿಸಿದರೂ ವಾಪಸ್ ಬರುವುದಿಲ್ಲ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಹಿಂದಿರುಗುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಪ್ರಯಾಣ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೊಗೆ. ಈ ವಿಮೆಯ ಸಣ್ಣಕ್ಷರ ಓದದೆ ಸಹಿ ಹಾಕಬೇಡಿ. ಅಗ್ಗದ ಪಾಲಿಸಿಗಳಲ್ಲಿ ಕ್ರೀಡೆ ಅಥವಾ ವೃತ್ತಿಪರ ದೈಹಿಕ ಚಟುವಟಿಕೆಯ ಗಾಯಕ್ಕೆ ಹಣ ಇಲ್ಲ ಎಂಬ ಸಾಲು ಇರುವುದುಂಟು, ಡಾನ್ಸರ್‌ಗೆ ಬೇಕಾದದ್ದೇ ಆ ರಕ್ಷಣೆ.

ಸಂಬಳದ ಚೀಟಿ ಇಲ್ಲದ ಸ್ವತಂತ್ರ ಕಲಾವಿದರಿಗೆ ಕಾಡುವ ಪ್ರಶ್ನೆ, ವಾಪಸ್ ಹೋಗುತ್ತೀರೆಂದು ಹೇಗೆ ನಂಬುವುದು ಎಂಬುದು. ಹಿಂದಿರುಗಿದ ಮೇಲಿನ ಪ್ರದರ್ಶನದ ಒಪ್ಪಂದ, ಪಾಠ ಮಾಡುವ ಸಂಸ್ಥೆಯ ಪತ್ರ, ಹಿಂದಿನ ಪ್ರದರ್ಶನಗಳ ಸಂಭಾವನೆ ಜಮೆಯಾದ ಬ್ಯಾಂಕ್ ವಿವರ, ಇವನ್ನು ಒಂದೊಂದಾಗಿ ಜೋಡಿಸಿ. ಆಹ್ವಾನ ಪತ್ರದಲ್ಲಿ ಯಾರು ಯಾವ ಖರ್ಚು ಹೊರುತ್ತಾರೆ, ಎಲ್ಲಿ ವಾಸ, ಯಾವ ದಿನದಿಂದ ಯಾವ ದಿನದವರೆಗೆ ಎಂಬುದು ಸ್ಪಷ್ಟವಿರಬೇಕು. ಇಲ್ಲದಿದ್ದರೆ ಸಂಕೋಚಪಡದೆ ತಿದ್ದಿಸಿ ಕೇಳಿ. ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಐದು ವಾರ ಅದರೊಳಗೆ ಆರಾಮವಾಗಿ ಕೂರುತ್ತದೆ, ಆದರೆ ವಸಂತದಲ್ಲಿ ಒಂದು ರೆಸಿಡೆನ್ಸಿ (ಒಂದೆಡೆ ಉಳಿದು ಕೃತಿ ಕಟ್ಟುವ ಅವಕಾಶ), ಶರತ್ಕಾಲದಲ್ಲಿ ಇನ್ನೊಂದು ಇದ್ದರೆ ದಿನ ಎಣಿಸಿ. ಸಂಭಾವನೆ ಪಡೆದು ಕುಣಿಯುವುದಕ್ಕೆ ಬೇರೆ ಅನುಮತಿ ಬೇಕಾಗಬಹುದು, ಅದನ್ನು ಆಯೋಜಕರಲ್ಲಿ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ.

ದೇಹದ ಲೆಕ್ಕ

ಈಗ ಮತ್ತೆ ಆ ಪೆನ್ಸಿಲ್. ಬೆಳಗ್ಗೆ ಎರಡೂವರೆ ಗಂಟೆ, ಮಧ್ಯಾಹ್ನ ಎರಡೂವರೆ, ಸಂಜೆ ಎರಡು. ದಿನಕ್ಕೆ ಏಳು ಗಂಟೆ, ಐದು ದಿನಕ್ಕೆ 35. ವಾರಾಂತ್ಯದ ಕಾರ್ಯಾಗಾರಕ್ಕೆ ಇನ್ನೂ ಹತ್ತು ಗಂಟೆ. ವಾರಕ್ಕೆ 45 ಗಂಟೆ ಆಯಿತು. ಊರಿನಲ್ಲಿ ವಾರಕ್ಕೆ 15 ಗಂಟೆ ಅಭ್ಯಾಸ ಮಾಡುತ್ತಿದ್ದ ದೇಹಕ್ಕೆ ಒಂದೇ ವಾರದಲ್ಲಿ ಮೂರು ಪಟ್ಟು ಕೆಲಸ. ಮನಸ್ಸಿಗೆ ಅದು ಹಬ್ಬ. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜಿಗೆ, ಮೊಣಕಾಲ ಕೆಳಗಿನ ಎಲುಬಿಗೆ ಹಬ್ಬ ಗೊತ್ತಾಗುವುದಿಲ್ಲ. ಶ್ವಾಸಕೋಶ, ಸ್ನಾಯುಗಳು ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಸ್ನಾಯುರಜ್ಜು ಮತ್ತು ಎಲುಬು ಅದಕ್ಕಿಂತ ನಿಧಾನ. ಹಾಗಾಗಿಯೇ ಎರಡನೆಯ ವಾರ ದೇಹ ಹಗುರಾಗಿದೆ ಎನ್ನಿಸುತ್ತದೆ, ಮೂರನೆಯ ವಾರ ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಕುಂಟುತ್ತವೆ. ಡಾನ್ಸರ್‌ಗಳ ಗಾಯಗಳಲ್ಲಿ ಹೆಚ್ಚಿನವು ಒಮ್ಮೆಲೇ ಬಿದ್ದು ಆದವಲ್ಲ, ಹೀಗೆ ಮಿತಿಮೀರಿದ ಬಳಕೆಯಿಂದ ಕಾಲು, ಪಾದ, ಮಂಡಿ, ಸೊಂಟದಲ್ಲಿ ಮೆಲ್ಲಗೆ ಕಟ್ಟಿಕೊಂಡವು.

ಇದಕ್ಕೆ ಒಂದು ಸರಳ ಲೆಕ್ಕ ಉಂಟು. ಪ್ರತಿ ತರಗತಿ ಮುಗಿದ ಅರ್ಧ ಗಂಟೆಯಲ್ಲಿ, ಅದು ಎಷ್ಟು ಕಠಿಣವಿತ್ತು ಎಂದು 0ಯಿಂದ 10ರೊಳಗೆ ಒಂದು ಅಂಕ ಕೊಟ್ಟು, ಅದನ್ನು ನಿಮಿಷಗಳಿಂದ ಗುಣಿಸಿ. 150 ನಿಮಿಷದ ತರಗತಿಗೆ 6 ಅಂಕ ಕೊಟ್ಟರೆ 900. ದೇಹದ ಒಳಗಿನ ಸಂವೇದನೆಗೆ ಗಮನ ಕೊಡುವ, 90 ನಿಮಿಷದ ನಿಧಾನ ಸೊಮ್ಯಾಟಿಕ್ ತರಗತಿಗೆ 2 ಕೊಟ್ಟರೆ 180. ಹೊರಡುವ ಮೊದಲು ಆರೇಳು ವಾರ ಮನೆಯಲ್ಲೇ ಈ ಲೆಕ್ಕ ಇಟ್ಟು, ವಾರದ ಮೊತ್ತವನ್ನು ಮೆಲ್ಲಗೆ ಏರಿಸುತ್ತಾ ಬನ್ನಿ. ಅಲ್ಲಿ ಮೊದಲ ವಾರ ನಿಮ್ಮ ರೂಢಿಯ ಒಂದೂಕಾಲರಿಂದ ಒಂದೂವರೆ ಪಟ್ಟಿಗೆ ನಿಲ್ಲಿಸುವುದು ಒಳಿತು. ಹಾಗೆ ಎಣಿಸಿದರೆ ತಾನಾಗಿ ತಿಳಿಯುತ್ತದೆ, ದಿನಕ್ಕೆ ಒಂದು ಭಾರದ ತರಗತಿ, ಒಂದು ಹಗುರದ್ದು, ಇಷ್ಟೇ ಹಿಡಿಯುವುದು. ವಾರದಲ್ಲಿ ಒಂದು ಪೂರ್ತಿ ದಿನ, ಒಂದು ಅರ್ಧ ದಿನ ಖಾಲಿ. ಆ ಖಾಲಿ ದಿನ ನೋಡುವುದಕ್ಕೂ ಬಳಸಬಹುದು. ಗೋಡೆಗೊರಗಿ ಕೂತು ಬೇರೆಯವರ ತರಗತಿ ನೋಡುವುದು, ಶಿಕ್ಷಕರು ಒಪ್ಪಿದರೆ, ಬೆವರಿ ಕಲಿತದ್ದಕ್ಕೆ ಕಡಿಮೆಯಲ್ಲ.

ನೆಲದ ಬಗ್ಗೆ ಸ್ವಲ್ಪ. ಕೆಳಗೆ ಒತ್ತಿದರೆ ತುಸು ಬಾಗಿ ಪುಟಿಯುವ ಮರದ ಹಾಸು, ಮೇಲೆ ವಿನೈಲ್ ಶೀಟು ಇದ್ದರೆ ಒಳ್ಳೆಯದು. ತಾತ್ಕಾಲಿಕವಾಗಿ ಸ್ಟುಡಿಯೋ ಮಾಡಿದ ಜಾಗಗಳಲ್ಲಿ ಕಾಂಕ್ರೀಟ್ ಮೇಲೆ ನೇರ ವಿನೈಲ್ ಹಾಸಿರುವುದೂ ಉಂಟು. ಹಿಮ್ಮಡಿಯಿಂದ ಒಮ್ಮೆ ಕುಟ್ಟಿ ನೋಡಿ: ಟೊಳ್ಳು ಸದ್ದು ಬಂದರೆ ಜಿಗಿಯಿರಿ, ಸತ್ತ ಸದ್ದು ಬಂದರೆ ಜಿಗಿತಗಳನ್ನು ಅರ್ಧಕ್ಕಿಳಿಸಿ. ಬೇಸಿಗೆಯ ಬೆವರು ವಿನೈಲ್ ಮೇಲೆ ಬಿದ್ದರೆ ಒಂದು ಕಡೆ ಜಾರುತ್ತದೆ, ಒಣಗುತ್ತಾ ಬಂದ ಕಡೆ ಅಂಟುತ್ತದೆ. ಅಂಟಿದ ಜಾಗದಲ್ಲಿ ತಿರುಗಿದಾಗ ಪಾದ ನಿಲ್ಲುತ್ತದೆ, ತೊಡೆ ತಿರುಗುತ್ತದೆ, ನಡುವೆ ಸಿಕ್ಕಿಕೊಳ್ಳುವುದು ಮಂಡಿ. ಕೈಯಲ್ಲೊಂದು ಒಣ ಟವೆಲ್ ಇರಲಿ, ನಿಮ್ಮ ಜಾಗವನ್ನು ನೀವೇ ಒರೆಸಿ.

ಫ್ಲೋರ್‌ವರ್ಕ್ ಚರ್ಮ ಕೇಳುತ್ತದೆ. ಪಾದದ ಮೇಲ್ಭಾಗ, ಮಂಡಿಯ ಹೊರಬದಿ, ಸೊಂಟದ ಎಲುಬಿನ ತುದಿ, ಬೆನ್ನೆಲುಬಿನ ಉಬ್ಬುಗಳು, ಭುಜದ ಹಿಂಬದಿ, ಇಷ್ಟು ಕಡೆ ಮೊದಲ ಮೂರು ದಿನದಲ್ಲೇ ಸುಲಿಯುತ್ತದೆ. ತೆಳು ನೀಪ್ಯಾಡ್ ಎರಡು ಜೊತೆ, ಏಕೆಂದರೆ ಒಗೆದದ್ದು ಒಂದೇ ರಾತ್ರಿಯಲ್ಲಿ ಒಣಗುವುದಿಲ್ಲ, ಉದ್ದ ತೋಳಿನ ಹತ್ತಿ ಅಂಗಿ, ದಪ್ಪ ಕಾಲುಚೀಲ. ಸುಲಿದ ಜಾಗವನ್ನು ನೀರು ಸೋಪಿನಿಂದ ತೊಳೆದು ಹೈಡ್ರೊಕೊಲಾಯ್ಡ್ ಪಟ್ಟಿ ಹಚ್ಚಿ ಅದರ ಅಂಚಿಗೆ ಟೇಪ್ ಸುತ್ತಿ. ಗಾಯ ತೆರೆದಿದ್ದರೆ ಕಾಂಟ್ಯಾಕ್ಟ್ ತರಗತಿಗೆ ಇಳಿಯಬೇಡಿ. ಅದು ನಿಮ್ಮ ಚರ್ಮದ ವಿಚಾರವಷ್ಟೇ ಅಲ್ಲ, ಜೊತೆಗಾರರದ್ದೂ ಹೌದು.

ಊಟವನ್ನು ಯಾರೂ ವೇಳಾಪಟ್ಟಿಯಲ್ಲಿ ಬರೆಯುವುದಿಲ್ಲ, ಅಲ್ಲೇ ಎಡವುವುದು. ಆಸ್ಟ್ರಿಯಾದಲ್ಲಿ ಅಂಗಡಿಗಳು ಶನಿವಾರ ಸಂಜೆ ಆರಕ್ಕೆ ಮುಚ್ಚುತ್ತವೆ, ಭಾನುವಾರ ಹೆಚ್ಚಿನವು ತೆರೆಯುವುದೇ ಇಲ್ಲ. ವಾರಾಂತ್ಯದ ಕಾರ್ಯಾಗಾರ ಮುಗಿಸಿ ಆರೂವರೆಗೆ ಹೊರಬಂದವರಿಗೆ ಸೋಮವಾರದವರೆಗೆ ಅಡುಗೆಮನೆ ಬರಿದು. ಶುಕ್ರವಾರವೇ ಸಾಮಾನು ತಂದಿಡಿ. ತೀರಾ ಮರೆತರೆ ದೊಡ್ಡ ರೈಲು ನಿಲ್ದಾಣಗಳೊಳಗಿನ ಸೂಪರ್‌ಮಾರ್ಕೆಟ್ ಭಾನುವಾರವೂ ತೆರೆದಿರುತ್ತದೆ. ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಬಹುದು, ಆಲ್ಪ್ಸ್ ತಪ್ಪಲಿನ ಊಟೆಗಳಿಂದ ಬರುವ ನೀರು ಅದು. ಹಣ ಉಳಿಸಲು ಒಂದು ಹೊತ್ತು ಬಿಟ್ಟು ಏಳು ಗಂಟೆ ಕುಣಿಯುವುದನ್ನು ಮಾತ್ರ ಯಾರೂ ಮಾಡಬಾರದು. ಖರ್ಚಾದಷ್ಟು ಶಕ್ತಿ ಒಳಗೆ ಹೋಗದಿದ್ದರೆ ಆಗುವ ಸ್ಥಿತಿಗೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್-ಎಸ್ ಎಂಬ ಹೆಸರಿಟ್ಟಿತು. ಮುಟ್ಟು ತಪ್ಪುವುದು, ಪದೇ ಪದೇ ನೆಗಡಿ, ಗಾಯ ಮಾಯದಿರುವುದು, ಎಲುಬಿನಲ್ಲಿ ಸೂಕ್ಷ್ಮ ಬಿರುಕು ಇದರ ಲಕ್ಷಣಗಳು. ಗಂಡಸರಿಗೂ ಬರುತ್ತದೆ. ಎಲುಬಿನ ಒಂದೇ ಬಿಂದುವಿನಲ್ಲಿ ಬೆರಳಿಟ್ಟರೆ ನೋವು ಬಂದು, ಅದು ರಾತ್ರಿಯೂ ಕಾಡಿದರೆ ಕುಣಿತ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಆಸ್ಟ್ರಿಯಾದಲ್ಲಿ ಆಂಬ್ಯುಲೆನ್ಸಿಗೆ 144, ಆರೋಗ್ಯ ಸಲಹೆಗೆ 1450.

ವೃತ್ತದಲ್ಲಿ ಕೂತಾಗ

ತಂಡದ ಸಭೆಗಳಲ್ಲಿ ಒಬ್ಬರು ತಮ್ಮ ಕೆಲಸ ತೋರಿಸುತ್ತಾರೆ, ಉಳಿದವರು ಮಾತಾಡುತ್ತಾರೆ. ಈ ಮಾತು ಅಡ್ಡಾದಿಡ್ಡಿಯಾದರೆ ಒಂದು ಸಂಜೆಯಲ್ಲಿ ಒಬ್ಬರ ಆರು ತಿಂಗಳ ಧೈರ್ಯ ಕುಸಿಯುತ್ತದೆ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ ರೂಪಿಸಿದ ನಾಲ್ಕು ಹೆಜ್ಜೆಯ ಕ್ರಮ ಇಲ್ಲಿ ಬಹಳ ನೆರವಾಗುತ್ತದೆ. ಮೊದಲು ನೋಡಿದವರು ತಮಗೆ ತಟ್ಟಿದ್ದನ್ನು ಹೇಳುತ್ತಾರೆ. ಎರಡನೆಯದಾಗಿ ಕಲಾವಿದೆ ತನ್ನ ಪ್ರಶ್ನೆ ಕೇಳುತ್ತಾಳೆ. ಮೂರನೆಯದಾಗಿ ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುತ್ತಾರೆ. ಕೊನೆಗೆ, ‘ಬೆಳಕಿನ ಬಗ್ಗೆ ನನ್ನದೊಂದು ಅಭಿಪ್ರಾಯವಿದೆ, ಹೇಳಲೇ?’ ಎಂದು ಅನುಮತಿ ಪಡೆದು ಅಭಿಪ್ರಾಯ. ಕಲಾವಿದೆ ಬೇಡ ಎನ್ನಬಹುದು. ನಡೆಸಿಕೊಡಲು ಒಬ್ಬರು ಬೇರೆಯೇ ಇರುತ್ತಾರೆ.

ಮೂರನೆಯ ಹೆಜ್ಜೆಯಲ್ಲೇ ಎಲ್ಲರೂ ತಪ್ಪುವುದು. ‘ಇಷ್ಟು ಉದ್ದ ಯಾಕೆ ಮಾಡಿದೆ?’ ಎಂಬುದು ಪ್ರಶ್ನೆಯ ವೇಷ ಹಾಕಿದ ದೂರು. ‘ಎಷ್ಟು ಹೊತ್ತು ಇರಬೇಕೆಂದು ಹೇಗೆ ನಿರ್ಧರಿಸಿದೆ?’ ಎಂದರೆ ಅದು ಪ್ರಶ್ನೆ. ಪೂರ್ತಿ ಒಂದು ಸುತ್ತಿಗೆ ಸುಮಾರು 40 ನಿಮಿಷ ಬೇಕು, ಒಂದು ಸಂಜೆಗೆ ಇಬ್ಬರ ಕೆಲಸ ಸಾಕು. ನಾಲ್ಕು ಮಂದಿಯದ್ದು ತುರುಕಿದರೆ ಕೊನೆಯವರಿಗೆ ಸಿಗುವುದು ಆಕಳಿಕೆ. ಇಂಗ್ಲಿಷ್ ಎಲ್ಲರ ಮನೆಮಾತಲ್ಲ ಎಂಬುದನ್ನೂ ನೆನಪಿಡಬೇಕು. ವೇಗವಾಗಿ ಮಾತಾಡುವವರ ಅಭಿಪ್ರಾಯವೇ ತಂಡದ ಅಭಿಪ್ರಾಯ ಆಗಿಬಿಡುತ್ತದೆ. ಎರಡು ನಿಮಿಷ ಎಲ್ಲರೂ ಮೌನವಾಗಿ ಬರೆದುಕೊಂಡು ಆಮೇಲೆ ಬಾಯಿ ತೆರೆಯುವ ರೂಢಿ ಮಾಡಿದರೆ ಈ ಅಸಮತೆ ಬಹಳಷ್ಟು ಇಳಿಯುತ್ತದೆ. ಬರೆಯುವುದು ಯಾವ ಭಾಷೆಯಲ್ಲಾದರೂ ಆಗಲಿ.

ಮೆಂಟರ್ ಜೊತೆಗೆ ಒಬ್ಬೊಬ್ಬರಿಗೆ ಸಿಗುವ ಸಮಯ ಕಡಿಮೆ. 60 ಮಂದಿಗೆ ಅರ್ಧ ಅರ್ಧ ಗಂಟೆ ಎಂದರೂ 30 ಗಂಟೆ ಆಯಿತು. ಅದನ್ನು ಪರಿಚಯ ಹೇಳಿಕೊಳ್ಳುತ್ತಾ ಕಳೆಯಬೇಡಿ. ಹಿಂದಿನ ದಿನವೇ ಒಂದು ಪ್ರಶ್ನೆ, ಎರಡು ನಿಮಿಷದ ಒಂದು ತುಣುಕು ಕಳಿಸಿ. ಮೊದಲ ವಾರದಲ್ಲೇ ವೇಳಾಪಟ್ಟಿ ಹಿಡಿದುಕೊಂಡು ಹೋಗಿ, ಇದರಲ್ಲಿ ಯಾವುದನ್ನು ತೆಗೆಯಲಿ ಎಂದು ಕೇಳಿ. ಆ ಒಂದು ಸಂಭಾಷಣೆಯಲ್ಲಿ ಅವರಿಗೆ ನಿಮ್ಮ ಆಸೆ, ಭಯ, ಅಭ್ಯಾಸ ಎಲ್ಲ ತಿಳಿದುಬಿಡುತ್ತದೆ. ಈಗಾಗಲೇ ಚೆನ್ನಾಗಿ ಬರುವ ತರಗತಿಯನ್ನು ಮತ್ತೆ ಆರಿಸಿಕೊಂಡಿದ್ದರೆ ಅನುಭವವಿರುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ದಿನಾ ರಾತ್ರಿ ನೋಟ್‌ಬುಕ್‌ನಲ್ಲಿ ಹತ್ತು ಸಾಲು ಬರೆಯಿರಿ: ಮಾಡಿದ್ದರಲ್ಲಿ ಒಂದು, ನೋಡಿದ್ದರಲ್ಲಿ ಒಂದು, ಅರ್ಥವಾಗದ್ದು ಒಂದು. ಹಿಂದಿರುಗಿದ ಮೊದಲ ವಾರ ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಿ. ಆ ಹೊತ್ತಿನಲ್ಲಿ ಮನಸ್ಸು ಕುಸಿಯುವುದು ಬಹಳ ಸಾಮಾನ್ಯ. ಐದು ವಾರ ಸುತ್ತಲೂ ಇದ್ದ ಜನ ಒಮ್ಮೆಲೇ ಇಲ್ಲವಾಗಿರುತ್ತಾರೆ. ಎರಡನೆಯ ವಾರ ನೋಟ್‌ಬುಕ್ ತೆರೆದು ‘ಅರ್ಥವಾಗದ್ದು’ ಸಾಲುಗಳನ್ನಷ್ಟೇ ಓದಿ, ಅದರಲ್ಲಿ ಒಂದನ್ನು ಹಿಡಿದು ಆರು ವಾರ, ವಾರಕ್ಕೆ ಮೂರು ದಿನ, ತಲಾ 90 ನಿಮಿಷ ಖಾಲಿ ಕೋಣೆಯಲ್ಲಿ ಕೆಲಸ ಮಾಡಿ. ತಂಡದಲ್ಲಿ ಹತ್ತಿರವಾದ ಇಬ್ಬರ ಜೊತೆ ತಿಂಗಳಿಗೊಮ್ಮೆ ವಿಡಿಯೋ ಕರೆಯ ದಿನವನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಇಡೀ 60 ಮಂದಿಯ ವಾಟ್ಸಾಪ್ ಗುಂಪು ಎರಡು ತಿಂಗಳಲ್ಲಿ ತಣ್ಣಗಾಗುತ್ತದೆ, ಮೂವರದ್ದು ಉಳಿಯುತ್ತದೆ.

ಮೆಂಟರ್‌ಗೆ ಬರೆಯುವುದಾದರೆ ಮೂರು ತಿಂಗಳು ಕಳೆಯಲಿ. ಕೃತಜ್ಞತೆಯ ಉದ್ದ ಪತ್ರಕ್ಕೆ ಉತ್ತರಿಸಲು ಅವರಿಗೂ ಕಷ್ಟ. ಆರು ವಾರದ ಕೆಲಸದಿಂದ ಎರಡು ನಿಮಿಷದ ತುಣುಕು, ಕೆಳಗೆ ಒಂದು ಪ್ರಶ್ನೆ, ನಿಮ್ಮ ಹೆಸರು, ಬಂದ ವರ್ಷ. ಉತ್ತರ ತಡವಾಗಬಹುದು, ಅವರು ಪ್ರವಾಸದಲ್ಲಿರುತ್ತಾರೆ. ಆ ಕೊಂಡಿಯ ಪಾಸ್‌ವರ್ಡ್ ಅದೇ ಪತ್ರದಲ್ಲಿ ಬರೆದಿದ್ದೀರಾ ಎಂದು ಕಳಿಸುವ ಮೊದಲು ಇನ್ನೊಮ್ಮೆ ನೋಡಿ.